ಅತ್ತಿಗೆಯ ವ್ಯಾನಿಗೆ ಎಷ್ಟು ಕಾವು ಬೇಕು?

ವ್ಯಾನಿಗೆ ಜ್ವರ ನೋಡಿದ ಡಾಕ್ಟರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಏನು, ಈ ಚಳಿಗಾಲದಲ್ಲಿ ಮೂರು ತಿಂಗಳು ಅವರಿಗೆ ಕಾಫಿ ಬೆರೆಸಿಕೊಟ್ಟಿದ್ದೇನೆ. ಅವರು ನಮ್ಮ ಯಜಮಾನರ ಅಕ್ಕ, ನನಗೆ ಅತ್ತಿಗೆ. ಹೆಸರು ಹೇಳುವುದಿಲ್ಲ. ಹೇಳಿದೆನೋ, ಒಪ್ಪಿಗೆ ಪತ್ರ ಎಲ್ಲಿ ಎಂದು ಕೇಳಿ ಮೂರು ಕಡೆ ನನ್ನ ಸಹಿ ಹಾಕಿಸಿಕೊಳ್ಳುವ ಪೈಕಿ ಅವರು.

ಅತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಅನಸ್ತೇಶಿಯಾ ಡಾಕ್ಟರಾಗಿದ್ದವರು. ಅಂದರೆ ಆಪರೇಷನ್ನಿಗೆ ಮುಂಚೆ ರೋಗಿಗೆ ಮಂಪರು ಬರಿಸಿ, ಎಲ್ಲ ಮುಗಿದು ಎಚ್ಚರವಾಗುವವರೆಗೆ ತಲೆಯ ಹತ್ತಿರ ಕೂತು ಕಾಯುವ ಕೆಲಸ. ಮದುವೆಯಾಗಲಿಲ್ಲ. ಯಾಕೆ ಎಂದು ಮೈಸೂರಿನಿಂದ ನಮ್ಮ ಅತ್ತೆ ಫೋನಿನಲ್ಲಿ ಕೇಳಿದಾಗಲೆಲ್ಲ, "ನಾನು ಹತ್ರ ಕೂತ್ರೆ ಸಾಕು, ಎಲ್ರೂ ನಿದ್ದೆ ಹೋಗ್ತಾರಮ್ಮ" ಎಂದು ಬಾಯಿ ಮುಚ್ಚಿಸುತ್ತಿದ್ದರಂತೆ. ಇಂಥವರ ಮೇಲೆ ಸಿಟ್ಟಾಗುವುದಾದರೂ ಹೇಗೆ?

ಹೋದ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಇಲ್ಲಿ ನಿವೃತ್ತರಾದ ನಮ್ಮವರು ಏನು ಮಾಡುತ್ತಾರೆ? ಮೊಮ್ಮಕ್ಕಳನ್ನು ಡೇಕೇರಿಗೆ ಬಿಟ್ಟು ಬರುತ್ತಾರೆ, ದೇವಸ್ಥಾನದಲ್ಲಿ ಭಾನುವಾರ ತರಕಾರಿ ಹೆಚ್ಚುತ್ತಾರೆ, ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತಾರೆ. ಅತ್ತಿಗೆ ಒಂದು ವ್ಯಾನು ಕೊಂಡರು. ಯಾವುದೋ ಬೇಕರಿಯವರು ಬ್ರೆಡ್ಡು ಹಂಚಲು ಇಟ್ಟುಕೊಂಡಿದ್ದ ಹಳೆಯ ಬಿಳಿ ವ್ಯಾನು. ಅದರೊಳಗೆ ಒಂದು ಮಂಚ, ಒಂದು ಒಲೆ, ಕಾಫಿ ಡಬ್ಬಿ ಇಡಲು ಒಂದು ಗೂಡು ಮಾಡಿಸಿಕೊಂಡರು. ಬೆಟ್ಟದ ಮೇಲೆ ಹಿಮ ಬಿದ್ದ ಕೂಡಲೇ ಅದರಲ್ಲಿ ಒಬ್ಬರೇ ಹೊರಡುವುದು, ಚಳಿಗಾಲವೆಲ್ಲ ಹಿಮದಲ್ಲೇ ಇದ್ದು ವಸಂತಕ್ಕೆ ಇಳಿಯುವುದು. ವಯಸ್ಸು ಅರವತ್ತಾರು!

"ಅಕ್ಕಾ, ಅಲ್ಲಿ ಒಬ್ಳೇ ಏನು ಮಾಡ್ತೀಯ?" ಎಂದರು ನಮ್ಮವರು.

"ನೋಡ್ತೀನಿ."

"ಏನನ್ನ?"

"ಹಿಮಾನ."

ನಮ್ಮವರು ನನ್ನ ಮುಖ ನೋಡಿದರು. ನಾನು ಸಾರಿಗೆ ಒಗ್ಗರಣೆ ಹಾಕಿದೆ.

ಅತ್ತಿಗೆಯ ಅಪಾರ್ಟ್‌ಮೆಂಟಿನಲ್ಲಿ ವ್ಯಾನು ನಿಲ್ಲಿಸಲು ಜಾಗವಿಲ್ಲ. ಹಾಗಾಗಿ ಅದು ವಾಲ್ನಟ್ ಕ್ರೀಕಿನ ನಮ್ಮ ಮನೆಯ ಮುಂದೆ ಬಂದು ನಿಂತಿತು. ನಾನು ಇಪ್ಪತ್ತು ವರ್ಷದಿಂದ ರಂಗೋಲಿ ಹಾಕುತ್ತಿದ್ದ ಜಾಗದಲ್ಲೇ ಸರಿಯಾಗಿ! ತುಳಸಿ ಕುಂಡ ವ್ಯಾನಿನ ಹಿಂದಕ್ಕೆ ಹೋಯಿತು. ರಂಗೋಲಿ ಮುಂದಿನ ಚಕ್ರದ ಪಕ್ಕಕ್ಕೆ ಸರಿಯಿತು. ಆಯುಧ ಪೂಜೆಗೆ ಮಾತ್ರ ಇದರಿಂದ ಅನುಕೂಲವಾಯಿತೆಂದು ಒಪ್ಪಿಕೊಳ್ಳಬೇಕು.

"ಎಲ್ಲಾ ಆಯ್ತು ಕಣೇ, ಹೀಟರೊಂದು ಬಾಕಿ. ಒಂದು ವಾರದ ಕೆಲಸ" ಎಂದರು ಅತ್ತಿಗೆ, ಅಕ್ಟೋಬರಿನಲ್ಲಿ.

ಆ ಒಂದು ವಾರ ಹೇಗೆ ನಡೆಯಿತೆಂದು ಹೇಳುವ ಮೊದಲು ನಮ್ಮ ಮನೆಯ ವಿಷಯ ಎರಡು ಮಾತು. ನಮ್ಮವರು ಬೆಳಿಗ್ಗೆ ಏಳಕ್ಕೆ ಟ್ರೈನು ಹತ್ತಿದರೆ ಕತ್ತಲಾದ ಮೇಲೆ ಬರುತ್ತಾರೆ. ಬಂದ ಮೇಲೂ ಊಟದ ತಟ್ಟೆಯ ಪಕ್ಕ ಲ್ಯಾಪ್‌ಟಾಪು. ಮಗಳು ಆಗಸ್ಟಿನಲ್ಲಿ ಕಾಲೇಜಿಗೆ ಹೋದಳು, ದಕ್ಷಿಣಕ್ಕೆ, ಎಂಟು ಗಂಟೆಯ ದಾರಿ. ಮನೆಯಲ್ಲಿ ಉಳಿದದ್ದು ನಾನು, ರಾಯರ ಫೋಟೋ ಮತ್ತು ಡಿಶ್‌ವಾಷರು. ಮೂವರಲ್ಲಿ ಸದ್ದು ಮಾಡುವುದು ಡಿಶ್‌ವಾಷರೊಂದೇ. ಎರಡು ಪಾತ್ರೆಗೂ ಅದನ್ನು ಹಾಕುತ್ತಿದ್ದೆ ಎಂದರೆ ನಿಮಗೆ ನಗು ಬರಬಹುದು.

ಸಂಜೆ ದೀಪ ಹಚ್ಚುವಾಗ ಆ ದಿನ ಸಿಕ್ಕಿದ್ದನ್ನೆಲ್ಲ ರಾಯರಿಗೆ ಎಣಿಸಿ ಒಪ್ಪಿಸುವುದು ನನ್ನ ಅಭ್ಯಾಸ. ದೊಡ್ಡದೇನೂ ಇರುವುದಿಲ್ಲ. ಕರಿಬೇವಿನ ಗಿಡ ರಾತ್ರಿಯ ಚಳಿಗೆ ಸುಟ್ಟುಹೋಗಲಿಲ್ಲ, ಒಂದು ಕೃಪೆ. ಮಗಳು ಎರಡನೇ ರಿಂಗಿಗೇ ಫೋನೆತ್ತಿ "ಅಮ್ಮಾ, ಐ ಆಮ್ ಇನ್ ಕ್ಲಾಸ್" ಎಂದಳು. ಧ್ವನಿಯಂತೂ ಕೇಳಿತಲ್ಲ, ಎರಡು. ಗ್ರೋಸರಿ ಅಂಗಡಿಯ ಕೌಂಟರಿನಾಕೆ "ಹೌ ಆರ್ ಯೂ" ಎಂದು ಕೇಳಿ, ಉತ್ತರಕ್ಕೆ ನಿಜವಾಗಿ ಕಾದಳು, ಮೂರು. ಸೆಪ್ಟೆಂಬರಿನಲ್ಲಿ ಕೆಲವು ದಿನ ಮೂರಕ್ಕೆ ಮುಟ್ಟುವುದೂ ಕಷ್ಟವಾಗಿತ್ತು. ಆಮೇಲೆ ವ್ಯಾನು ಬಂತು.

ಅತ್ತಿಗೆ ಬೆಳಗಿನ ಮೊದಲ ಟ್ರೈನಿಗೆ ಬರುತ್ತಿದ್ದರು, "ಚಳಿ ಇನ್ನೂ ಹಸಿಯಾಗಿರೋವಾಗ್ಲೇ ಹಿಡೀಬೇಕು" ಎಂದು. ಸಂಜೆ ವಾಪಸು. ಮಗಳ ಕೋಣೆ ಖಾಲಿ ಇದೆ, ಇಲ್ಲೇ ಉಳಿಯಿರಿ ಎಂದರೆ, ಹಾಸಿಗೆ ಬದಲಾದರೆ ತಮಗೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರು. ಚಳಿಗಾಲವೆಲ್ಲ ಬ್ರೆಡ್ಡಿನ ವ್ಯಾನಿನಲ್ಲಿ ಮಲಗಲು ಹೊರಟವರು!

ಮೊದಲ ದಿನವೇ ವ್ಯಾನಿನೊಳಗೆ ನಾಲ್ಕು ಥರ್ಮಾಮೀಟರು ಬಂದವು. ನೆಲಕ್ಕೊಂದು, ಸೂರಿಗೊಂದು, ಮಂಚದ ತಲೆದೆಸೆಗೊಂದು, ಡ್ರೈವರ್ ಸೀಟಿಗೊಂದು. ಗಂಟೆಗೊಮ್ಮೆ ಹೋಗಿ ಜ್ವರ ನೋಡುವುದು, ಆಸ್ಪತ್ರೆಯಲ್ಲಿ ಮಾಡುವಂತೆ ಮಂಚದ ಕಾಲಿಗೆ ಕಟ್ಟಿದ ಚಾರ್ಟಿನಲ್ಲಿ ಬರೆಯುವುದು. ಟೇಪು ಹಿಡಿದು ತಗಡು ಎಷ್ಟು, ಗಾಜು ಎಷ್ಟು ಎಂದು ಅಳೆಯುವುದು. ಟೇಪಿನ ಇನ್ನೊಂದು ತುದಿ ಹಿಡಿಯಲು ನಾನು. ನಮ್ಮವರಿಗೆ ಆಫೀಸಿಗೇ ಫೋನು ಮಾಡಿ, ವ್ಯಾನಿನ ತೂಕ ಎಷ್ಟು ಎಂದು ಕೇಳಿದರಂತೆ ಅತ್ತಿಗೆ. ತೂಕ ಗೊತ್ತಿಲ್ಲದೆ ಡೋಸು ಹೇಗೆ ಕೊಡುವುದು?

ನನಗೆ ಹೀಟರಿನ ವಿದ್ಯೆ ಕಲಿಸಿದ್ದೂ ಹಾಗೆಯೇ. ವ್ಯಾನಿಗೆ ಹಾಕುವ ಡೀಸೆಲ್ ಹೀಟರಿನಲ್ಲಿ ಮುಖ್ಯವಾಗಿ ಎರಡು ಅಳತೆ: ಎರಡು ಕಿಲೋವ್ಯಾಟಿನದು, ಐದು ಕಿಲೋವ್ಯಾಟಿನದು. "ಕಡಿಮೆ ಆದ್ರೆ ಪೇಷೆಂಟು ಆಪರೇಷನ್ ಮಧ್ಯದಲ್ಲೇ ಎದ್ದು ಕೂರ್ತಾನೆ. ಜಾಸ್ತಿ ಆದ್ರೆ ಏಳೋದೇ ಇಲ್ಲ. ನೀನೇನು ಹೇಳ್ತೀಯ?"

ಮೂವತ್ತು ವರ್ಷ ಡಾಕ್ಟರಾಗಿದ್ದವರು ಪಿಯುಸಿ ಓದಿದ ನನ್ನನ್ನು ಕೇಳುತ್ತಿದ್ದಾರೆ! ನನಗೆ ಹೆಮ್ಮೆಯಾಯಿತು. ಗಂಭೀರವಾಗಿ ಯೋಚಿಸಿ, "ದೊಡ್ಡದೇ ಇರಲಿ ಅತ್ತಿಗೆ" ಎಂದೆ. ನಮ್ಮ ಮನೆತನದ ವಿವೇಕವೇ ಅದಲ್ಲವೇ? ಮಗುವಿಗೆ ಬಟ್ಟೆ ಕೊಂಡರೆ ಎರಡು ವರ್ಷ ಮುಂದಿನ ಅಳತೆ, ಕುಕ್ಕರು ಕೊಂಡರೆ ಇನ್ನೂ ಬಾರದ ನೆಂಟರನ್ನೂ ಸೇರಿಸಿದ ಅಳತೆ. ದೊಡ್ಡದು ಕೊಂಡು ಕೆಟ್ಟವರುಂಟೇ?

ಉಂಟು. ಒಂದು ವಾರದಲ್ಲಿ ಐದು ಕಿಲೋವ್ಯಾಟಿನದೊಂದು ಪೆಟ್ಟಿಗೆ ಬಂತು. ಅದನ್ನು ವ್ಯಾನಿನ ಹೊರಗೆ ನೆಲದ ಮೇಲಿಟ್ಟು, ಬಿಸಿಗಾಳಿಯ ಕೊಳವೆಯನ್ನು ಕಿಟಕಿಯಿಂದ ಒಳಕ್ಕೆ ತೂರಿಸಿದರಾಯಿತು. ಪರೀಕ್ಷೆಗೆಂದು ಹಚ್ಚಿದರು. ಹತ್ತೇ ನಿಮಿಷ. ನಮ್ಮ ಅಜ್ಜಿಮನೆಯ ಬಚ್ಚಲಲ್ಲಿ ಹಂಡೆ ಒಲೆಯ ಮುಂದೆ ಕೂತ ಹಾಗಾಯಿತು. ಅತ್ತಿಗೆ ಹಿಮದ ಜಾಕೆಟ್ಟು, ಉಣ್ಣೆ ಟೋಪಿ, ಕೈಗವಸು ತೊಟ್ಟೇ ಕೂತಿದ್ದರು, ಪರೀಕ್ಷೆ ಎಂದರೆ ಪರೀಕ್ಷೆ ಎಂದು. ಮುಖ ಕೆಂಪಡರಿ ಬೆವರು ಗಲ್ಲದಿಂದ ಚಾರ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ತೆಗೆಯಿರಿ ಎಂದರೆ ರೀಡಿಂಗು ತಪ್ಪುತ್ತದೆ ಎನ್ನುತ್ತಾರೆ.

ಈ ಶಾಖ ನೋಡಿ ನನಗೊಂದು ಬುದ್ಧಿ ಹೊಳೆಯಿತು. ಚಳಿಗಾಲದಲ್ಲಿ ಇಲ್ಲಿ ಇಡ್ಲಿ ಹಿಟ್ಟು ಹುಳಿಯಾಗುವುದೆಂದರೆ ಒಂದು ತಪಸ್ಸು. ಓವನ್ನಿನಲ್ಲಿ ದೀಪ ಹಾಕಿಟ್ಟು, ಕಂಬಳಿ ಹೊದಿಸಿ, ಸ್ತೋತ್ರ ಹೇಳಿದರೂ ಅದು ಕದಲುವುದಿಲ್ಲ. ಮಾರನೆಯ ದಿನದ ಪರೀಕ್ಷೆಗೆ ನಾನು ಅತ್ತಿಗೆಗೆ ಹೇಳದೆ ಮಂಚದ ಕೆಳಗೆ ಹಿಟ್ಟಿನ ಪಾತ್ರೆ ಇಟ್ಟುಬಿಟ್ಟೆ. ಮಧ್ಯಾಹ್ನ ಅತ್ತಿಗೆ ಜ್ವರ ನೋಡಲು ಬಾಗಿಲು ತೆಗೆದಾಗ ಹಿಟ್ಟು ಉಕ್ಕಿ ಮುಚ್ಚಳ ತಳ್ಳಿ, ನೆಲದ ಥರ್ಮಾಮೀಟರನ್ನು ಮುಳುಗಿಸಿ, ಹೊಸ್ತಿಲ ಕಡೆಗೆ ಹೊರಟಿತ್ತು. ಬೈಯುತ್ತಾರೆ ಎಂದು ನಿಂತೆ. ಅವರು ಕನ್ನಡಕ ಸರಿಮಾಡಿಕೊಂಡು ಚಾರ್ಟಿನಲ್ಲಿ ಬರೆದರು: "ಒಂದು ಗಂಟೆ. ಮೂವತ್ತೊಂದು ಡಿಗ್ರಿ. ಹಿಟ್ಟು: ಉಬ್ಬಿದೆ." ಮಾರನೆಯ ದಿನದ ಇಡ್ಲಿಯಂಥ ಇಡ್ಲಿಯನ್ನು ನಾನು ಈ ದೇಶದಲ್ಲಿ ಹಿಂದೆಂದೂ ಮಾಡಿರಲಿಲ್ಲ. ಅತ್ತಿಗೆ ಏಳು ತಿಂದರು. ರಾಯರಿಗೆ ಅಂದು ಏಳು ಕೃಪೆ ಎಂದೇ ಒಪ್ಪಿಸಿದೆ.

ಆದರೆ ಹೀಟರಿಗೆ ನಮ್ಮ ವಿವೇಕ ಒಗ್ಗಲಿಲ್ಲ. ವ್ಯಾನು ಬೇಗ ಕಾದುಬಿಡುತ್ತದೆ, ಅದನ್ನು ಸಣ್ಣಗೆ ಇಡಬೇಕಾಗುತ್ತದೆ. ದೊಡ್ಡ ಹೀಟರನ್ನು ದಿನಗಟ್ಟಲೆ ಸಣ್ಣಗೆ ಉರಿಸಿದರೆ ಡೀಸೆಲ್ಲು ಪೂರ್ತಿ ಉರಿಯದೆ ಒಳಗೆಲ್ಲ ಮಸಿ ಕಟ್ಟುತ್ತದಂತೆ. ಮದುವೆ ಅಡುಗೆಯ ಭಟ್ಟರನ್ನು ಕರೆಸಿ ದಿನಾ ಅರ್ಧ ಲೋಟ ಕಾಫಿ ಮಾಡಿಸಿದರೆ ಅವರ ಮುಖ ಕಪ್ಪಿಡುವುದಿಲ್ಲವೇ, ಹಾಗೆ. ಎರಡು ವಾರಕ್ಕೆ ಅದು ಕೆಮ್ಮಲು ಶುರು ಮಾಡಿತು. ಒಂದು ಬೆಳಿಗ್ಗೆ ಕಪ್ಪು ಹೊಗೆ ಬಂದು, ಎದುರು ಮನೆಯ ಮುದುಕರು ಡ್ರೆಸಿಂಗ್ ಗೌನಿನಲ್ಲೇ ರಸ್ತೆ ದಾಟಿ ಬಂದರು. ಎಲ್ಲ ಸರಿಯಿದೆಯೇ ಎಂದು ಕೇಳಿದರು. ಅಜೀರ್ಣವಷ್ಟೇ ಎಂದರು ಅತ್ತಿಗೆ. ಯಾರಿಗೆ ಎಂದು ಅವರು ಕೇಳಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವರು ನಮ್ಮ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು.

ಪೆಟ್ಟಿಗೆಯನ್ನು ವಾಪಸು ಕಳಿಸಿದೆವು. "ಹಂಗಾದ್ರೆ ಎರಡು ಕಿಲೋವ್ಯಾಟೇ ಸರಿ. ಮುಂದಿನ ವಾರ ಹಾಕಿಸ್ತೀನಿ, ಹೊರಟೆ" ಎಂದರು ಅತ್ತಿಗೆ, ಕಾಫಿ ಲೋಟ ಕೆಳಗಿಡುತ್ತ.

ನಾನು ಆ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ಇದನ್ನು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಅಂದು ಸಂಜೆ ದೀಪ ಹಚ್ಚಿ, ಕೃಪೆ ಎಣಿಸುವುದನ್ನು ಬಿಟ್ಟು, "ರಾಯರೇ, ಇವರಿಗೆ ಸರಿಯಾದ ಹೀಟರು ಸಿಗದಿರಲಿ" ಎಂದು ಬೇಡಿಕೊಂಡೆ. ಜನ ದೇವರಲ್ಲಿ ಮಕ್ಕಳು ಕೇಳುತ್ತಾರೆ, ಆರೋಗ್ಯ ಕೇಳುತ್ತಾರೆ. ನಾನು ಇನ್ನೊಬ್ಬರ ಹೀಟರು ಕೆಡಲಿ ಎಂದು ಕೇಳಿದೆ! ಮಾರನೆಯ ದಿನ ಪಶ್ಚಾತ್ತಾಪವಾಗಿ ತುಳಸಿಗೆ ಇಪ್ಪತ್ತೊಂದು ಪ್ರದಕ್ಷಿಣೆ ಹಾಕಿದೆ. ತುಳಸಿ ಇದ್ದದ್ದು ವ್ಯಾನಿನ ಹಿಂಬದಿಗೆ ಅಂಟಿಕೊಂಡು. ಆದ್ದರಿಂದ ವ್ಯಾನನ್ನೂ ಸುತ್ತಬೇಕಾಯಿತು. ಸೀರೆ ಸೆರಗು ಹೊದ್ದು ಕೈ ಮುಗಿದುಕೊಂಡು ಬ್ರೆಡ್ಡಿನ ವ್ಯಾನಿಗೆ ಇಪ್ಪತ್ತೊಂದು ಸುತ್ತು ಬಂದ ನನ್ನನ್ನು ಎದುರು ಮನೆಯ ಮುದುಕರು ಕಿಟಕಿಯಿಂದ ನೋಡಿ, ಗೌರವದಿಂದ ಪರದೆ ಎಳೆದುಕೊಂಡರು.

ರಾಯರು ಎಷ್ಟು ಬೇಗ ಕೇಳಿದರೆಂದರೆ ನನಗೇ ಹೆದರಿಕೆಯಾಯಿತು. ಮುಂದಿನ ವಾರ ಅತ್ತಿಗೆ ಹೊಸ ಸಂಶಯದೊಂದಿಗೆ ಬಂದರು. ಬೆಟ್ಟದ ಮೇಲೆ ಗಾಳಿ ತೆಳು, ಅಲ್ಲಿ ಹೀಟರಿಗೆ ಉಸಿರು ಕಟ್ಟಿದರೆ? ಅದಕ್ಕೆ ಉತ್ತರ ಸಿಕ್ಕ ಮೇಲೆ ನೆಲದ ಸಂಶಯ. ಕೆಳಗಿನಿಂದ ಚಳಿ ಹತ್ತಿದರೆ? ಸರಿ, ನೆಲಕ್ಕೆ ಹಾಸು ಹಾಕಿದೆವು. ಆಮೇಲೆ ಪರದೆ. ನಾನು ಹೊಲಿಗೆ ಮೆಷಿನ್ನು ಹೊರತೆಗೆದು, ಮಗಳು ಚಿಕ್ಕವಳಿದ್ದಾಗಿನ ರಜಾಯಿ ಕತ್ತರಿಸಿ ಐದು ಕಿಟಕಿಗೂ ದಪ್ಪ ಪರದೆ ಹೊಲಿದೆ. ಬಾತುಕೋಳಿ ಚಿತ್ರದ ಪರದೆ. ಅತ್ತಿಗೆ ಒಂದೊಂದು ಬಾತುಕೋಳಿಯನ್ನೂ ಟೇಪು ಹಿಡಿದು ಅಳೆದರು.

ಒಂದು ದಿನ, ಡೀಸೆಲ್ಲೇ ಬೇಡ, ಕರೆಂಟಿನ ಹೀಟರನ್ನೂ ನೋಡೇಬಿಡೋಣ ಎಂದು ನಮ್ಮ ಗ್ಯಾರೇಜಿನಿಂದ ವಯರು ಎಳೆದರು. ಹಿಮದಲ್ಲಿ ಕರೆಂಟು ಯಾರು ಕೊಡುತ್ತಾರೆ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಅವರು ಅಲ್ಲಿ ಹೀಟರು ಹಾಕಿದ ಹೊತ್ತಿಗೆ ನಾನು ಇಲ್ಲಿ ಗ್ರೈಂಡರು ಹಾಕಿದೆ. ಮನೆಯೆಲ್ಲ ಕತ್ತಲು. ಅಂದು ನಮ್ಮವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಯಾರೋ ದೊಡ್ಡವರ ಮುಂದೆ ಮೀಟಿಂಗಿನಲ್ಲಿ ಬಾಯಿ ತೆರೆದಿದ್ದರಂತೆ, ತೆರೆದ ಬಾಯಿ ತೆರೆದ ಹಾಗೆಯೇ ಪರದೆಯಿಂದ ಮಾಯವಾದರು. ಮಹಡಿ ಇಳಿದು ಬಂದು, "ಅಕ್ಕಾ, ನೀನು ಸಾವಿರಾರು ಜನಕ್ಕೆ ಅನಸ್ತೇಶಿಯಾ ಕೊಟ್ಟೋಳು. ಒಂದು ಹೀಟರು ಡಿಸೈಡ್ ಮಾಡೋಕೆ ಇಷ್ಟು ದಿನಾನಾ?" ಎಂದರು.

"ಅವರೆಲ್ಲ ಅಳತೆ ತಗೊಳ್ಳೋವಾಗ ಸುಮ್ನೆ ಮಲಗಿರ್ತಿದ್ರು" ಎಂದರು ಅತ್ತಿಗೆ. ನಮ್ಮವರು ತಲೆ ಚಚ್ಚಿಕೊಂಡು ಮೇಲೆ ಹೋದರು. ನಮ್ಮವರ ಮಾತಿನಲ್ಲಿದ್ದ ಪ್ರಶ್ನೆ ನನ್ನ ತಲೆಗೂ ಹೋಗಲಿಲ್ಲ ನೋಡಿ. ನನಗೆ ಬೇಕಾದದ್ದು ನಡೆಯುತ್ತಿತ್ತಲ್ಲ!

ಡಿಸೆಂಬರಿನ ಕೊನೆಗೆ ಬಂದದ್ದು ಮನುಷ್ಯರ ಲೆಕ್ಕ. ನಾವು ಒಬ್ಬೊಬ್ಬರೂ ಸುಮ್ಮನೆ ಕೂತರೂ ಸುಮಾರು ನೂರು ವ್ಯಾಟಿನಷ್ಟು ಶಾಖ ಬಿಡುತ್ತಲೇ ಇರುತ್ತೇವಂತೆ, ಹಳೇ ಕಾಲದ ಬಲ್ಬಿನ ಹಾಗೆ. ಅದನ್ನೂ ಅಳೆಯಬೇಕು ಎಂದು ನನ್ನನ್ನು ವ್ಯಾನಿನೊಳಗೆ ಎರಡು ಗಂಟೆ ಕೂರಿಸಿದರು. ಹೀಟರಿಲ್ಲ, ಬಾಗಿಲು ಭದ್ರ, ಬಾತುಕೋಳಿ ಪರದೆ ಇಳಿಬಿಟ್ಟು ಎದುರು ಬದುರು ಕೂತೆವು. ನಾನು ಮೊಣಕಾಲ ಮೇಲೆ ಮೊರ ಇಟ್ಟುಕೊಂಡು ಅವರೆಕಾಳು ಹಿದುಕುತ್ತಿದ್ದೆ; ಸೊಗಡಿನದಲ್ಲ, ಇಲ್ಲಿಯ ಫ್ರೀಜರಿನ ಅವರೆ, ಆದರೂ ಅವರೆಯೇ. ಆಪರೇಷನ್ ಕೋಣೆ ಎಷ್ಟು ತಣ್ಣಗಿರುತ್ತದೆ ಎಂದು ಅತ್ತಿಗೆ ಹೇಳಿದರು. ಮಂಪರು ಬರುವ ಮುಂಚೆ ರೋಗಿಗಳೆಲ್ಲರೂ ಕೇಳುವ ಪ್ರಶ್ನೆ ಒಂದೇ ಅಂತೆ: ನೀವು ಇಲ್ಲೇ ಇರ್ತೀರಲ್ಲ? ಇಲ್ಲೇ ಇರ್ತೀನಿ ಎಂದು ಮೂವತ್ತು ವರ್ಷ ಹೇಳಿದ್ದಾರೆ. "ಎದ್ದ ಮೇಲೆ ಯಾರಿಗೂ ನನ್ನ ಮುಖ ನೆನಪಿರಲ್ಲ. ಔಷಧಿನೇ ಹಂಗೆ" ಎಂದು ನಕ್ಕರು.

ನಾನೂ ಹೇಳಿದೆ. ಡಿಶ್‌ವಾಷರಿನ ವಿಷಯವನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಎರಡು ಗಂಟೆಯಾದ ಮೇಲೆ ಥರ್ಮಾಮೀಟರು ನೋಡಿದರು. ಒಂದು ಡಿಗ್ರಿಯೂ ಪೂರ್ತಿ ಏರಿರಲಿಲ್ಲ. "ನೀನು ಲೆಕ್ಕಕ್ಕೆ ಬರಲ್ಲ ಕಣೇ" ಎಂದರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ, "ಒಂದು ಸಲ ನೋಡಿದ್ರೆ ಸಾಲದು. ನಾಳೆನೂ ಕೂರು" ಎಂದರು. ನಾಳೆಯೂ ಕೂತೆ. ನಾಡಿದ್ದೂ ಕೂತೆ. ಅವರೆಕಾಳು ಮುಗಿದು, ಹೆಸರುಕಾಳಿನಲ್ಲಿ ಕಲ್ಲು ಆರಿಸಿದೆ. ಪ್ಯಾಕೆಟ್ಟಿನ ಕಾಳು, ಅದರಲ್ಲಿ ಕಲ್ಲು ಎಲ್ಲಿಂದ ಬರಬೇಕು?

ಜನವರಿಯ ಎರಡನೇ ವಾರ ಅತ್ತಿಗೆ ಇದ್ದಕ್ಕಿದ್ದಂತೆ, ನಾಳೆ ಗಿಲ್‌ರಾಯ್‌ಗೆ ಹೋಗಿ ಹೀಟರು ಹಾಕಿಸಿಬಿಡುತ್ತೇನೆ, ನೀನೂ ಬಾ ಎಂದರು. ಅಲ್ಲಿ ವ್ಯಾನಿಗೆ ಹೀಟರು ಕೂರಿಸುವ ಅಂಗಡಿಯವರೊಬ್ಬರಿದ್ದಾರಂತೆ. ಮುಖ ನೋಡಿದೆ. ಅಳತೆ ಸಿಕ್ಕಿದ ಸಂತೋಷವೇನೂ ಅದರಲ್ಲಿ ಕಾಣಲಿಲ್ಲ. ನಾನು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡೆ. ಯಾವ ದುಃಖಕ್ಕೂ ಖಾಲಿ ಹೊಟ್ಟೆಯಲ್ಲಿ ಹೋಗಬಾರದೆಂದು ನಮ್ಮಮ್ಮ ಹೇಳುತ್ತಿದ್ದರು.

ಗಿಲ್‌ರಾಯ್ ಬೆಳ್ಳುಳ್ಳಿಗೆ ಹೆಸರಾದ ಊರು, ಹತ್ತಿರವಾಗುತ್ತಿದ್ದಂತೆ ಗಾಳಿಯಲ್ಲೇ ಅದರ ವಾಸನೆ. ಮಡಿಯ ದಿನ ಈ ಊರಿಗೆ ಬಂದರೆ ಉಸಿರಾಡುವುದೂ ಮೈಲಿಗೆಯೇ ಎಂದು ಅತ್ತಿಗೆ ನನ್ನನ್ನು ಛೇಡಿಸಿದರು. ಅಂಗಡಿಯವರು ನಮ್ಮ ವಯಸ್ಸಿನವರೇ, ಬಿಳಿ ಮೀಸೆ, ಎಣ್ಣೆಗೈ. ವ್ಯಾನನ್ನು ಒಳಗೆ ತೆಗೆದುಕೊಂಡು, ಕೆಲಸ ನಾಲ್ಕು ಗಂಟೆ ಹಿಡಿಯುತ್ತದೆ ಎಂದರು. ಅತ್ತಿಗೆ ಕಾಲು ಜೋಮು ಹಿಡಿಯಿತೆಂದು ಹೊರಗೆ ನಾಲ್ಕು ಹೆಜ್ಜೆ ನಡೆಯಲು ಹೋದರು. ನಾನು ಅಂಗಡಿಯವರಿಗೆ ಒಂದು ಡಬ್ಬಿ ಮುಚ್ಚಳದಲ್ಲಿ ಚಿತ್ರಾನ್ನ ಕೊಟ್ಟೆ. ಅನ್ನ ತಿಂದ ಮನುಷ್ಯ ಬಾಯಿ ಬಿಡದೆ ಇರುತ್ತಾನೆಯೇ?

ನನ್ನ ಮುರುಕು ಇಂಗ್ಲಿಷಿನಲ್ಲಿ, ಕೊನೆಗೆ ಯಾವ ಅಳತೆ ಗಟ್ಟಿಯಾಯಿತು ಎಂದು ಕೇಳಿದೆ. ಎರಡು ಕಿಲೋವ್ಯಾಟು ಎಂದರು. ಎಷ್ಟು ಕಷ್ಟಪಟ್ಟು ಕಂಡುಹಿಡಿದರು ಪಾಪ, ಮೂರು ತಿಂಗಳು, ಎಂದೆ. ಅವರಿಗೆ ಅರ್ಥವಾಗಲಿಲ್ಲ. ಗೋಡೆಗೆ ಸಿಕ್ಕಿಸಿದ್ದ ಹಾಳೆಯೊಂದನ್ನು ತೆಗೆದು ತೋರಿಸಿದರು. ಅತ್ತಿಗೆ ಕಳಿಸಿದ ಲೆಕ್ಕ. ತಗಡು ಇಷ್ಟು, ಗಾಜು ಇಷ್ಟು, ಬೆಟ್ಟದ ಎತ್ತರ ಇಷ್ಟು, ನೆಲ, ಪರದೆ, ಒಳಗೆ ಮಲಗುವ ಮನುಷ್ಯರು ಒಬ್ಬರು; ಆದ್ದರಿಂದ ಎರಡು ಕಿಲೋವ್ಯಾಟು. ಇಂಥ ಅಚ್ಚುಕಟ್ಟಾದ ಲೆಕ್ಕವನ್ನು ಯಾವ ಗಿರಾಕಿಯೂ ತಂದದ್ದಿಲ್ಲ ಎಂದು ಅವರು ಮೆಚ್ಚಿಕೊಂಡರು. ಹಾಳೆಯ ಮೇಲಿದ್ದ ತಾರೀಕು ಅಕ್ಟೋಬರಿನದು. ವ್ಯಾನು ನಮ್ಮ ಮನೆಗೆ ಬಂದ ವಾರದ್ದು. ಐದು ಕಿಲೋವ್ಯಾಟಿನ ಪೆಟ್ಟಿಗೆ ಬರುವುದಕ್ಕೂ ಮುಂಚಿನದು. ಹೀಟರು ಅಂದಿನಿಂದ ಇಲ್ಲೇ ಕಪಾಟಿನಲ್ಲಿ ಕಾದಿದೆಯಂತೆ. ತಿಂಗಳಿಗೊಮ್ಮೆ ಇವರು ಫೋನು ಮಾಡುವುದು, ಇನ್ನೂ ಇಲ್ಲ ಎಂದು ಅತ್ತಿಗೆ ಹೇಳುವುದು. ಬೇರೆ ಗಿರಾಕಿಗಳು ಕೇಳುತ್ತಿದ್ದಾರೆ, ಇನ್ನು ಇಟ್ಟುಕೊಳ್ಳಲಾಗುವುದಿಲ್ಲ ಎಂದು ಮೊನ್ನೆ ಇವರೇ ಕಡ್ಡಿ ಮುರಿದಂತೆ ಹೇಳಬೇಕಾಯಿತಂತೆ.

ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ನಾನು ಅಲ್ಲೇ ಕೂತೆ. ಉಕ್ಕಿದ ಹಿಟ್ಟು, ಕೆಮ್ಮಿದ ಹೀಟರು, ಬಾತುಕೋಳಿ, ಕತ್ತಲಾದ ಮನೆ ಎಲ್ಲವನ್ನೂ ಮೊದಲಿನಿಂದ ಮತ್ತೊಮ್ಮೆ ನೋಡಬೇಕಾಯಿತು. ಗಾಜಿನ ಬಾಗಿಲಾಚೆ ಅತ್ತಿಗೆ ಪಾರ್ಕಿಂಗಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು, ಕೈ ಹಿಂದಕ್ಕೆ ಕಟ್ಟಿಕೊಂಡು. ಅಲ್ಲಿ ಅಳೆಯುವಂಥದ್ದು ಏನೂ ಇರಲಿಲ್ಲ.

ಸಂಜೆ ಹೊರಟೆವು. ಹಿಂದೆ ಹೀಟರು ಸಣ್ಣಗೆ ಗುಂಯ್ ಎನ್ನುತ್ತಿತ್ತು. ವ್ಯಾನು ಬೆಚ್ಚಗಿತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಫ್ರೀವೇ ತುಂಬ ಕೆಂಪು ದೀಪ. ನನಗೆ ಮಾತು ಹೊಟ್ಟೆಯಲ್ಲಿಟ್ಟುಕೊಂಡು ಗೊತ್ತಿಲ್ಲ.

"ಅಂಗಡಿಯವ್ರು ಆ ಹಾಳೆ ತೋರಿಸಿದ್ರು ಅತ್ತಿಗೆ."

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಆ ಮನುಷ್ಯನಿಗೆ ಬಾಯಿ ಜಾಸ್ತಿ" ಎಂದರು.

"ನಾನೂ ಒಂದು ತಪ್ಪು ಮಾಡಿದೀನಿ. ನಿಮಗೆ ಹೀಟರು ಸಿಗದೇ ಇರಲಿ ಅಂತ ರಾಯರನ್ನ ಬೇಡ್ಕೊಂಡಿದ್ದೆ."

"ನಿಮ್ಮ ರಾಯರಿಗೆ ಡೀಸೆಲ್ ಹೀಟರೆಲ್ಲ ಗೊತ್ತಾ?"

"ಅವರಿಗೆ ಎಲ್ಲಾ ಗೊತ್ತು."

ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ನಾನೇ ಮುಂದುವರಿಸಿದೆ. "ಹೋಗಿ ಬನ್ನಿ. ಆಸೆ ಪಟ್ಟಿದೀರ, ಹಿಮ ನೋಡ್ಕೊಂಡು ಬನ್ನಿ. ಬಂದ್ಮೇಲೆ ಹೀಟರಿನ ಕೆಲಸ ಇಲ್ದಿದ್ರೂ ಮನೆಗೆ ಬರ್ತಾ ಇರಿ."

"ಹೀಟರಿಲ್ದೆ ಏನಂತ ಬರ್ಲಿ ಕಣೇ?"

ತಮಾಷೆಗೆ ಕೇಳಿದ್ದಲ್ಲ. ಫೋನು ಮಾಡಿ, ದಿನ ಗೊತ್ತುಮಾಡಿ, ಕಾರಣ ಹೇಳಿ ಬಾಗಿಲು ಬಡಿಯುವ ಈ ಊರಿನಲ್ಲಿ ಮೂವತ್ತು ವರ್ಷ ಬದುಕಿದ ಹೆಂಗಸು, ನಿಜವಾಗಿಯೂ ಗೊತ್ತಿಲ್ಲದೆ, ದಾರಿ ಕೇಳುವವರ ಹಾಗೆ ಕೇಳುತ್ತಿದ್ದರು. ಸ್ಟಿಯರಿಂಗಿನ ಮೇಲಿದ್ದ ಅವರ ಕೈ ನೋಡಿದೆ. ಎಷ್ಟೋ ಜನ ನಿದ್ದೆಗೆ ಜಾರುವ ಮುನ್ನ ಹಿಡಿದುಕೊಂಡ ಕೈ.

"ಏನಂತಾನೂ ಬೇಡ ಅತ್ತಿಗೆ. ಸುಮ್ನೆ ಬನ್ನಿ."

ಅವರು ಕನ್ನಡಕ ತೆಗೆದು ಸೆರಗಿಲ್ಲವಲ್ಲ, ಅಂಗಿಯ ತೋಳಿಗೆ ಒರೆಸಿ ಮತ್ತೆ ಹಾಕಿಕೊಂಡರು. ಎಕ್ಸಿಟ್ಟು ಎರಡು ಮೈಲಿ ಇರುವಾಗಲೇ ಬಲಗಡೆಯ ಲೇನಿಗೆ ಬಂದು ಸಿಗ್ನಲ್ ಹಾಕಿಕೊಳ್ಳುವವರು ಅವರು. ವಾಲ್ನಟ್ ಕ್ರೀಕಿನ ಹಸಿರು ಬೋರ್ಡು ಬಂತು, ನಮ್ಮ ಎಕ್ಸಿಟ್ಟು ಬಂತು, ವ್ಯಾನು ನೇರ ಹೋಯಿತು. ನಾನು ಹೇಳಬಹುದಿತ್ತು. ಮುಂದಿನ ಎಕ್ಸಿಟ್ಟಿನಲ್ಲಾದರೂ ತಿರುಗಿಸಬಹುದಿತ್ತು, ಅದೂ ಹೋಯಿತು. ನಾನು ಮೊಸರನ್ನದ ಡಬ್ಬಿ ಬಿಚ್ಚಿ ನೋಡಿದೆ, ಇಬ್ಬರಿಗೂ ಸಾಕಷ್ಟಿತ್ತು.